ಬೀಜದ ಆಸ್ಟರ್‌ಗೆ ಹುಬ್ಬಾ ಮಳೆಯೇ ಯಾಕೆ

ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ನಾನು ಆಸ್ಟರ್ ಬೆಳೆಯುವುದು ಬೀಜಕ್ಕಾಗಿ. ಮಾರುಕಟ್ಟೆಗೆ ಹೂ ಕೊಡುವವರು ಹಬ್ಬ ನೋಡಿ ಬಿತ್ತುತ್ತಾರೆ. ಬೀಜ ಬೇಕೆನ್ನುವವರು ಕಾಳು ಬಲಿಯುವಾಗಿನ ಹವೆ ನೋಡಬೇಕು. ಅಗಿಗೆ (ಮಡಿಯಲ್ಲಿ ಬೆಳೆಸುವ ಸಸಿಗೆ) 25–30 ದಿನ, ನಾಟಿಯಿಂದ ಹೂವಿಗೆ 60–70 ದಿನ, ಹೂ ಪೂರ್ತಿ ಅರಳಿದ ಮೇಲೆ ಕಾಳಿಗೆ ಇನ್ನೊಂದು ತಿಂಗಳು. ಜನವರಿಯ ಒಣ ಚಳಿಯಲ್ಲಿ ಕೊಯ್ಲು ಬರಬೇಕಾದರೆ ಸೆಪ್ಟೆಂಬರ್ ಮೊದಲ ವಾರ, ಹುಬ್ಬಾ ಮಳೆಯಲ್ಲಿ, ಮಡಿಗೆ ಬೀಜ ಬೀಳಬೇಕು.

ಜೂನ್‌ನಲ್ಲಿ ಹಾಕಿದ ಗಿಡ ನೋಡಲು ಬಲು ಚೆಂದ: ಎತ್ತರ, ತುಂಬ ಕವಲು, ದೊಡ್ಡ ಹೂ. ಆದರೆ ಅದು ಅರಳುವುದು ಸೆಪ್ಟೆಂಬರ್–ಅಕ್ಟೋಬರ್‌ನ ಉತ್ತರಿ, ಹಸ್ತ ಮಳೆಗೆ. ಎಸಳಿನ ಸಂದಿಯಲ್ಲಿ ನೀರು ನಿಂತು ಹೂವು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಹಸಿರಾಗಿದ್ದರೂ ಹಿಸುಕಿದರೆ ಕಂದು ಲೋಳೆ. ನವೆಂಬರ್ ಬಿತ್ತನೆಯದು ಬೇರೆ ತೊಂದರೆ. ಹಗಲು ಚಿಕ್ಕದು, ರಾತ್ರಿ ಚಳಿ; ಗಿಡ ನೆಲಕ್ಕಂಟಿ ಕೂರುತ್ತದೆ, ಕವಲು ಕಡಿಮೆ, ಹೂ ತಡ. ಕಾಳು ತುಂಬುವ ಹೊತ್ತಿಗೆ ಮಾರ್ಚ್ ಬಿಸಿಲು ಬಡಿದು ಅರ್ಧಕ್ಕರ್ಧ ಜೊಳ್ಳು.

ಮಡಿ ಒಂದು ಮೀಟರ್ ಅಗಲ, ಅರ್ಧ ಅಡಿ ಎತ್ತರ. ಸಾಲಿನಿಂದ ಸಾಲಿಗೆ 5 ಸೆಂ.ಮೀ. ಬಿಟ್ಟು ತೆಳ್ಳಗೆ ಬಿತ್ತಿ, ಜರಡಿ ಹಿಡಿದ ತಿಪ್ಪೆಗೊಬ್ಬರ ಉದುರಿಸುತ್ತೇನೆ. ಸೆಪ್ಟೆಂಬರ್‌ನಲ್ಲಿ ಅಗಿ ಸಾಯುವುದು ಬುಡಕೊಳೆಯಿಂದ. ಅದಕ್ಕೇ ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸುವುದು, ನೀರು ಬೆಳಿಗ್ಗೆ ಮಾತ್ರ ಕೊಡುವುದು. ನಾಲ್ಕೈದು ಎಲೆ ಬಂದಾಗ 30 × 30 ಸೆಂ.ಮೀ. ಅಂತರದಲ್ಲಿ, ಸಂಜೆ ಹೊತ್ತು ನಾಟಿ. ಅರ್ಧ ಯೂರಿಯಾ ಆಗಲೇ, ಉಳಿದದ್ದು 40 ದಿನಕ್ಕೆ. ಮೊಗ್ಗು ಕಂಡ ಮೇಲೆ ಯೂರಿಯಾ ಕೊಡಬೇಡಿ. ಎಲೆ ಹಸಿರಾಗಿಯೇ ಉಳಿದು ಕಾಳು ಮಾಗುವುದು ಹಿಂದೆ ಬೀಳುತ್ತದೆ.

ಗುಲಾಬಿ ಬಣ್ಣದ ಕಾಮಿನಿ, ಬಿಳಿಯ ಪೂರ್ಣಿಮಾ ಎರಡೂ ಬೆಂಗಳೂರು ಬಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು. ಆಸ್ಟರ್ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದರೂ ಜೇನು ಸ್ವಲ್ಪ ಬೆರಕೆ ಮಾಡುವುದರಿಂದ ಎರಡನ್ನೂ ಪಕ್ಕಪಕ್ಕ ಹಾಕುವುದಿಲ್ಲ. ಬಣ್ಣ ತಪ್ಪಿದ ಗಿಡ ಕಂಡರೆ ಮೊದಲ ಹೂವಿಗೇ ಕಿತ್ತುಬಿಡಬೇಕು.

ಎಸಳು ಒಣಗಿ, ಹೂವಿನ ನಡುವೆ ಬಿಳಿ ಕೂದಲು ಅರಳೆಯಂತೆ ಮೇಲೆದ್ದಾಗ ಕೊಯ್ಲು. ಎಲ್ಲ ಹೂವೂ ಒಟ್ಟಿಗೆ ಮಾಗುವುದಿಲ್ಲ, ಮೂರ್ನಾಲ್ಕು ಸಲ ಬಿಡಿಸಬೇಕು. ಇಬ್ಬನಿ ಆರುವ ಮುಂಚೆ ಹೋದರೆ ಕಾಳು ಉದುರದು. ಹತ್ತು ಗಂಟೆಯ ಗಾಳಿ ಎದ್ದರೆ ಒಳ್ಳೆಯ ಕಾಳೇ ಮೊದಲು ಹಾರಿಹೋಗುತ್ತದೆ. ನೆರಳಲ್ಲಿ ತಾಡಪತ್ರಿ ಮೇಲೆ ಒಣಗಿಸಿ, ಕೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರುತ್ತೇವೆ.

ಕೊಯ್ಲಿಗೂ ಮುಂದಿನ ಬಿತ್ತನೆಗೂ ನಡುವೆ ನಮ್ಮ ಬೇಸಿಗೆ ಇದೆ. ಆಸ್ಟರ್ ಬೀಜಕ್ಕೆ ಆಯುಷ್ಯವೇ ಕಡಿಮೆ. 40 ಡಿಗ್ರಿಯ ಕೋಣೆಯಲ್ಲಿ ಗೋಣಿಚೀಲದಲ್ಲಿಟ್ಟರೆ ಮೊಳಕೆ ಬೇಗ ಕುಸಿಯುತ್ತದೆ. ಚೆನ್ನಾಗಿ ಒಣಗಿದ್ದನ್ನು ಗಾಳಿಯಾಡದ ಪೊಟ್ಟಣದಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಆಗಸ್ಟ್‌ನಲ್ಲಿ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ದಿನ ನೋಡಬೇಕು. 60ಕ್ಕಿಂತ ಕಡಿಮೆ ಮೊಳೆತರೆ ಮಡಿಗೆ ಒಂದೂವರೆ ಪಟ್ಟು ಬೀಜ ಹಾಕಬೇಕು.