ಕಿಡ್ನಿ ರೋಗಿಯ ರಕ್ತದ ವರದಿಯಲ್ಲಿ ಉರಿಯೂತ ಗುರುತಿಸುವುದು ಹೇಗೆ?

ಕಿಡ್ನಿ ಎಷ್ಟು ಸೋಸುತ್ತಿದೆ ಎಂಬುದನ್ನು ಕ್ರಿಯಾಟಿನಿನ್ ತೋರಿಸುತ್ತದೆ. ಒಳಗಿನ ಉರಿಯೂತ ತಿಳಿಯಲು ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ನೋಡಬೇಕು.

ಮೊದಲು ರಕ್ತ ಕೊಡುವ ಕೈ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ರಕ್ತನಾಳ) ಇರುವ ಕೈಯಿಂದ ತೆಗೆಯಲು ಬಿಡಲೇಬೇಡಿ. ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರು ಅಂಗೈ ಹಿಂಭಾಗದ ರಕ್ತನಾಳದಿಂದ ಕೊಡುವುದು ಒಳ್ಳೆಯದು. ಡಯಾಲಿಸಿಸ್ ಇದ್ದವರು ಅದು ಶುರುವಾಗುವ ಮೊದಲೇ ಕೊಡಿ. ಸಿಬಿಸಿಗೆ ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಲೆಕ್ಕ ತಪ್ಪುತ್ತದೆ. ಇಂಡಿ, ಸಿಂದಗಿ ಕಡೆಯಿಂದ ವಿಜಯಪುರದ ಲ್ಯಾಬಿಗೆ ಹೋಗುವ ಸ್ಯಾಂಪಲ್ ಬಿಸಿಲಿಗೆ ಕಾಯದಂತೆ ಅದೇ ದಿನ ತಲುಪಲಿ. ಬೇಸಿಗೆಯಲ್ಲಂತೂ ಇದು ಬಹಳ ಮುಖ್ಯ.

ಸಿಬಿಸಿ ವರದಿಯಲ್ಲಿ ನ್ಯೂಟ್ರೋಫಿಲ್ ಶೇಕಡಾವನ್ನು ಲಿಂಫೋಸೈಟ್ ಶೇಕಡಾದಿಂದ ಭಾಗಿಸಿ (ಇವೆರಡೂ ಬಿಳಿ ರಕ್ತಕಣದ ಬಗೆಗಳು; ಉರಿಯೂತವಿದ್ದರೆ ಉತ್ತರ ಏರುತ್ತದೆ). 72 ಮತ್ತು 18 ಇದ್ದರೆ ಉತ್ತರ 4. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3. ಹೆಚ್ಚಿದ್ದ ಕೂಡಲೇ ಗಾಬರಿ ಬೇಡ: ಸ್ಟಿರಾಯ್ಡ್ ಮಾತ್ರೆ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಜ್ವರ, ಹಲ್ಲಿನ ಸೋಂಕು, ಕಾಲಿನ ಹುಣ್ಣು ಇದ್ದರೂ ಏರುತ್ತದೆ. ಅವು ವಾಸಿಯಾದ ಎರಡು ವಾರದ ಮೇಲೆ ಮತ್ತೆ ಮಾಡಿಸಿ.

ಸಿಆರ್‌ಪಿಯಲ್ಲಿ ಅಂಕಿಗಿಂತ ಮೊದಲು ಅಳತೆ ಓದಿ. ಡೆಸಿಲೀಟರಿಗೆ 1 ಮಿಲಿಗ್ರಾಂ ಎಂದರೆ ಲೀಟರಿಗೆ 10. ಎರಡು ಲ್ಯಾಬಿನ ವರದಿ ಹೋಲಿಸುವಾಗ ಎಡವುವುದು ಇಲ್ಲೇ.

ಕಬ್ಬಿಣಾಂಶದ ಸಂಗ್ರಹ ತೋರಿಸುವ ಫೆರಿಟಿನ್ ಉರಿಯೂತದಲ್ಲೂ ಏರುತ್ತದೆ. ಹಾಗಾಗಿ ಅದು ಜಾಸ್ತಿ ಇದ್ದ ಮಾತ್ರಕ್ಕೆ ಕಬ್ಬಿಣಾಂಶ ಸಾಕಷ್ಟಿದೆ ಎನ್ನಲಾಗದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಲೆಕ್ಕ) ಶೇ. 20ಕ್ಕಿಂತ ಕಡಿಮೆಯಿದ್ದರೆ ನೆಫ್ರಾಲಜಿಸ್ಟರಿಗೆ (ಕಿಡ್ನಿ ತಜ್ಞರಿಗೆ) ತೋರಿಸಿ. ಹಳೆಯ ವರದಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ.