ಅವ್ವಗ ಬಂದ ಐದು ಲಕ್ಷದ ಕಾರ್ಡಿನ ಫೋನು

ನಮ್ಮವ್ವಗ 73 ವರ್ಷ, ಕಾರಟಗಿಯಾಗ ಇರ್ತಾಳ, ನಾ ಇರೋದು ಗಂಗಾವತಿಯಾಗ. ಹೋದ ವರ್ಷ ಆಕಿಗೊಂದು ಫೋನ್ ಬಂತು, "ಅಮ್ಮಾರ, 70 ದಾಟಿದೋರಿಗೆ ಐದು ಲಕ್ಷದ ವಯ ವಂದನಾ ಕಾರ್ಡ್ ಬಂದೈತ್ರಿ, ಇವತ್ತ ಕಡೀ ದಿನ, ನಿಮ್ಮ ಎಟಿಎಂ ಕಾರ್ಡಿನ ನಂಬರ್ ಹೇಳ್ರಿ" ಅಂತ. ಯೋಜನೆ ಖರೇನ ಐತಿ, ವರ್ಷಕ್ಕ ಐದು ಲಕ್ಷದ ತನಕ ದವಾಖಾನಿ ಖರ್ಚು ನೋಡ್ಕೊಳ್ಳೋ ಕಾರ್ಡ್ ಅದು, ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಾಗ ಶುರು ಮಾಡಿದ್ದು, ಟಿವಿಯಾಗ ಅವ್ವನೂ ಕೇಳಿದ್ಲು, ಅದಕ್ಕ ನಂಬಿದ್ಲು. ಆದ್ರ ಆ ಕಾರ್ಡ್ ಪುಕ್ಕಟೆ, ಅದಕ್ಕ ಬೇಕಾಗೋದು ಆಧಾರ್, ಎಟಿಎಂ ಕಾರ್ಡಿಗೂ ಅದಕ್ಕೂ ಸಂಬಂಧನ ಇಲ್ಲ.

ಅವ್ವಗ ಓದಾಕ ಬರಂಗಿಲ್ಲ, ಇರೋದು ಕೀಪ್ಯಾಡ್ ಫೋನು. ಹಂಗಿದ್ರೂ ಓಟಿಪಿ ಹೆಂಗ ಹೋತು ಅಂದ್ರ ಬಾಜು ಮನಿ ಹುಡುಗ, ಆರನೇತ್ತೆ ಓದ್ತಾನ, ಅಜ್ಜಿ ಕರದ್ಲಂತ ಬಂದು ಕಾರ್ಡಿನ ನಂಬರು, ಹಿಂದಿನ ಮೂರು ಅಂಕಿ, ಮೆಸೇಜು ಎಲ್ಲಾ ಓದಿ ಹೇಳ್ಯಾನ, ಪಾಪ ಅವನಿಗೇನು ಗೊತ್ತು. 8,400 ಹೋತು. ಆಕಿಗೆ ಬರೋ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200, ಅಂದ್ರ ಏಳು ತಿಂಗಳ ರೊಕ್ಕ.

ನನಗ ಹೇಳಿದ್ದು ಮೂರು ದಿನ ಆದ ಮ್ಯಾಲೆ. "ನೀ ಬೈತಿ ಅಂತ ಅಂಜಿ ಹೇಳ್ಲಿಲ್ಲಪ್ಪ" ಅಂದ್ಲು, ಆ ಮಾತು ಇನ್ನೂ ನನ್ನ ಎದಿಯಾಗ ಚುಚ್ಚತೈತಿ. ಸೈಬರ್ ಮೋಸದ ದೂರು ತಗೊಳ್ಳೋ 1930ಕ್ಕ ಫೋನ್ ಮಾಡಿದೆ, ಬ್ಯಾಂಕಿಗೆ ಹೋಗಿ ಬರದು ಕೊಟ್ಟೆ, ರೊಕ್ಕ ಬರ್ಲಿಲ್ಲ. ಓಟಿಪಿ ನಾವ ಹೇಳಿದ್ರ ಬ್ಯಾಂಕಿಗೆ ತಿಳಿಸೋತನಕ ಹೋದದ್ದು ನಮ್ಮ ಮ್ಯಾಲ, ತಿಳಿಸಿದ ಮ್ಯಾಲ ಹೋದದ್ದು ಬ್ಯಾಂಕಿನ ಮ್ಯಾಲ, ಅದಕ್ಕ ಒಂದೊಂದು ತಾಸೂ ಲೆಕ್ಕಕ್ಕ ಬರ್ತೈತಿ.

ಆಮ್ಯಾಲ ಮದಲ ಮಾಡಿದ್ದು ಬೈಯೋದು ಬಿಟ್ಟಿದ್ದು. "ಏನ ಆಗ್ಲಿ ಅವ್ವಾ, ಅವತ್ತ ಹೇಳು, ಒಂದ ಮಾತೂ ಅನ್ನಂಗಿಲ್ಲ" ಅಂತ ಆಕಿ ಕೈ ಹಿಡದು ಹೇಳಿದೆ. ಬ್ಯಾಂಕಿನಾಗ ಆಕಿ ಕಾರ್ಡಿನ ಆನ್‌ಲೈನ್ ವ್ಯವಹಾರ ಬಂದ್ ಮಾಡಿಸಿದೆ. ಫೋನಿನಾಗ 2 ಒತ್ತಿ ಹಿಡದ್ರ ನನಗ ಬರೋಹಂಗ ಮಾಡಿ, ಆ ಬಟನ್ ಮ್ಯಾಲ ಕೆಂಪು ಉಗುರುಬಣ್ಣದ ಚುಕ್ಕಿ ಇಟ್ಟೆ. ಯಾರ ಕೇಳಿದ್ರೂ "ಮಗನ್ನ ಕೇಳಿ ಹೇಳ್ತೀನ್ರಿ" ಅಂದು ಇಡು ಅಂತ ಹತ್ತಿಪ್ಪತ್ತು ಸಲ ಅನ್ನಿಸಿದೆ, ಯಾಕಂದ್ರ ಫೋನ್ ಎತ್ತಬ್ಯಾಡ ಅಂದ್ರ ಹಿರ್ಯಾರು ಕೇಳಂಗಿಲ್ಲ. ಯೋಜನೆ ಬಗ್ಗೆ ಕೇಳೋದಿದ್ರ ನಾವ ಅದರ ಸಹಾಯವಾಣಿ 14555ಕ್ಕ ಮಾಡೋದು.

ಹುಡುಗನ್ನೂ ಕುಂದ್ರಿಸಿ ಹೇಳಿದೆ, ತಪ್ಪು ನಿಂದಲ್ಲ, ಆದ್ರ ಅಜ್ಜಿ ಫೋನಿನಾಗಿನ ಅಂಕಿ ಯಾರಿಗೂ ಓದಬ್ಯಾಡ ಅಂತ. ಹೋದ ವಾರ ಅವ್ವನ ನಂಬರಿಂದ ಫೋನ್ ಬಂತು, ಎತ್ತಿದ್ರ ಅವನ: "ಕಾಕಾ, ಅಜ್ಜಿಗೆ ಆರು ಅಂಕಿ ಮೆಸೇಜ್ ಬಂದೈತಿ, ನಾ ಓದಿಲ್ಲ."