ಕೆಟ್ಟ ನಿದ್ದೆ ಸರಿಮಾಡಲು ಬೆಳಗಿನ ಬೆಳಕು: ಯಾವ ಹೊತ್ತಿಗೆ, ಎಷ್ಟು ಹೊತ್ತು?

ದಾವಣಗೆರೆಯಲ್ಲಿ ಪಿಯು, ನೀಟ್ ಓದುವ ಮಕ್ಕಳಿರುವ ಮನೆ, ಪಿಜಿ, ಹಾಸ್ಟೆಲ್ ಎಲ್ಲಿಗೆ ಹೋದರೂ ಒಂದೇ ಕಥೆ. ರಾತ್ರಿ 2ರವರೆಗೆ ಓದು, ಓದಿನ ನಡುವೆ ಮೊಬೈಲು, ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಪರೀಕ್ಷೆ ಹತ್ತಿರ ಬಂದ ಕೂಡಲೇ ಮನೆಯವರಿಗೆ ಗಾಬರಿಯಾಗುತ್ತದೆ. 'ನಾಳೆಯಿಂದ 5ಕ್ಕೆ ಏಳ್ಬೇಕು ನೋಡು' ಅಂತ ಅಪ್ಪನ ಆರ್ಡರ್. ಮೂರ್ನಾಲ್ಕು ದಿನ ಎದ್ದ ಶಾಸ್ತ್ರ ಮಾಡಿ ಹುಡುಗ ಮತ್ತೆ ಹಳೆ ದಾರಿಗೇ ಬರುತ್ತಾನೆ. ಅಷ್ಟರಲ್ಲಿ ನೀಲಿ ಬೆಳಕು ತಡೆಯುತ್ತದೆ ಅಂತ ಮಾರುವ ಬ್ಲೂ ಕಟ್ ಕನ್ನಡಕಕ್ಕೂ ದುಡ್ಡು ಹೋಗಿರುತ್ತದೆ. ಜೀವಶಾಸ್ತ್ರ ಪಾಠ ಮಾಡುವ ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ. ಬೆಳಕು ಬೇಕು ಅಂತ ಎಲ್ಲರಿಗೂ ಗೊತ್ತು, ಯಾವಾಗ ಬೇಕು ಅನ್ನೋದರಲ್ಲೇ ಎಡವುತ್ತಾರೆ.

ಮಾಡುವ ಮೊದಲು ಕಣ್ಣಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದಿರಲಿ. ಕಣ್ಣಿನ ಹಿಂಭಾಗದ ಪರದೆಗೆ ರೆಟಿನಾ ಅಂತಾರೆ. ಅಲ್ಲಿ ಎರಡು ಬಗೆಯ ಕೋಶಗಳಿವೆ ಅಂತ ನಾವೆಲ್ಲ ಓದಿದ್ದೇವೆ. ಮಬ್ಬಿನಲ್ಲಿ ನೋಡಲು ರಾಡ್, ಸುಮಾರು 12 ಕೋಟಿ. ಬಣ್ಣ ಮತ್ತು ಸೂಕ್ಷ್ಮ ನೋಡಲು ಕೋನ್, ಸುಮಾರು 60 ಲಕ್ಷ. ಆದರೆ ಬೆಳಕನ್ನು ಹಿಡಿಯುವ ಮೂರನೇ ಬಗೆಯೂ ಒಂದಿದೆ. 1923ರಲ್ಲೇ ಕ್ಲೈಡ್ ಕೀಲರ್ ಎಂಬ ವಿಜ್ಞಾನಿ ಕುರುಡು ಇಲಿಗಳ ಪಾಪೆ ಬೆಳಕಿಗೆ ಕಿರಿದಾಗುವುದನ್ನು ಗಮನಿಸಿದ್ದರು. 1998ರಲ್ಲಿ ಇಗ್ನೇಷಿಯೊ ಪ್ರೊವೆನ್ಸಿಯೊ ಮತ್ತು ಜೊತೆಗಾರರಿಗೆ ಕಪ್ಪೆಯ ಚರ್ಮದಲ್ಲಿ ಬೆಳಕಿಗೆ ಸ್ಪಂದಿಸುವ ಮೆಲನಾಪ್ಸಿನ್ ಎಂಬ ಪ್ರೋಟೀನ್ ಸಿಕ್ಕಿತು, ಆಮೇಲೆ ಅದು ನಮ್ಮ ರೆಟಿನಾದಲ್ಲೂ ಇದೆ ಅಂತ ಗೊತ್ತಾಯಿತು. 2002ರಲ್ಲಿ ಡೇವಿಡ್ ಬರ್ಸನ್ ಅವರ ತಂಡ, ರಾಡ್ ಕೋನ್‌ಗಳ ಸಹಾಯವಿಲ್ಲದೆ ಕೆಲವು ಗ್ಯಾಂಗ್ಲಿಯಾನ್ ಕೋಶಗಳು (ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವವು) ತಾವೇ ಬೆಳಕಿಗೆ ಸ್ಪಂದಿಸುತ್ತವೆ ಅಂತ ತೋರಿಸಿತು. ಒಂದು ಕಣ್ಣಿನಲ್ಲಿ ಗ್ಯಾಂಗ್ಲಿಯಾನ್ ಕೋಶಗಳು ಹತ್ತು ಲಕ್ಷದಷ್ಟು. ಅದರಲ್ಲಿ ಮೆಲನಾಪ್ಸಿನ್ ಇರುವ ಈ ಬಗೆಯವು ಕೆಲವೇ ಸಾವಿರ.

ಈ ಕೋಶಗಳ ಮುಖ್ಯ ಕೆಲಸ ಚಿತ್ರ ತೋರಿಸುವುದಲ್ಲ. ಹೊರಗೆ ಹಗಲೋ ಇರುಳೋ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು. ಮಿದುಳಿನ ಬುಡದ ಹೈಪೊಥಲಾಮಸ್‌ನಲ್ಲಿ ಸುಮಾರು 20 ಸಾವಿರ ನರಕೋಶಗಳ ಒಂದು ಪುಟ್ಟ ಗುಂಪಿದೆ, ಅದೇ ನಮ್ಮ ಮೈಯ ಗಡಿಯಾರ. ಸರಾಸರಿ ಮನುಷ್ಯನಲ್ಲಿ ಈ ಗಡಿಯಾರ ಒಂದು ಸುತ್ತಿಗೆ 24 ಗಂಟೆಗಿಂತ ಹತ್ತು ನಿಮಿಷದಷ್ಟು ಜಾಸ್ತಿ ತೆಗೆದುಕೊಳ್ಳುತ್ತದೆ. ಬೆಳಕು ತಾಗಿ ದಿನಾ ಸರಿಹೋಗದಿದ್ದರೆ ತಡವಾಗುತ್ತಾ ಹೋಗುವುದೇ ಅದರ ಗುಣ. ಹದಿಹರೆಯದಲ್ಲಂತೂ ಅದು ತಡದ ಕಡೆಗೇ ವಾಲಿರುತ್ತದೆ. ಹಾಗಾಗಿ ಮಕ್ಕಳನ್ನು ಸೋಮಾರಿ ಅಂತ ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿ.

ಇನ್ನು ಕೆಲಸಕ್ಕೆ ಬರೋಣ.

ಹಂತ 1: ರಜೆ ಇದ್ದಾಗ ಎರಡು ಮೂರು ದಿನ ಅಲಾರಂ ಇಲ್ಲದೆ ಮಲಗಿ. ತಾನಾಗಿ ಎಚ್ಚರವಾಗುವ ಹೊತ್ತನ್ನು ಬರೆದಿಡಿ. ಅಷ್ಟೇ.

ಹಂತ 2: ತಿರುವಿನ ಹೊತ್ತು ಹುಡುಕಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ನಿದ್ದೆಯಲ್ಲಿ ಮೈಯ ಬಿಸಿ ಇಳಿಯುತ್ತಾ ಹೋಗಿ ಒಂದು ಹೊತ್ತಿಗೆ ತೀರಾ ತಳ ಮುಟ್ಟುತ್ತದೆ. ಸಾಮಾನ್ಯವಾಗಿ ಅದು ತಾನಾಗಿ ಏಳುವ ಹೊತ್ತಿಗಿಂತ ಎರಡು ಗಂಟೆ ಮುಂಚೆ. ಇದೇ ತಿರುವು. ಇದಾದ ಮೇಲೆ ಕಣ್ಣಿಗೆ ಜೋರು ಬೆಳಕು ಬಿದ್ದರೆ ಗಡಿಯಾರ ಬೇಗದ ಕಡೆಗೆ ಸರಿಯುತ್ತದೆ, ಅಂದರೆ ಮರುದಿನ ನಿದ್ದೆಯೂ ಬೇಗ, ಎಚ್ಚರವೂ ಬೇಗ. ತಿರುವಿಗೆ ಮುಂಚಿನ ಗಂಟೆಗಳಲ್ಲಿ ಬಿದ್ದರೆ ಉಲ್ಟಾ, ಇನ್ನಷ್ಟು ತಡವಾಗುತ್ತದೆ. ಅದೇ ಬೆಳಕು, ಅದೇ ಕಣ್ಣು, ಹೊತ್ತು ಮಾತ್ರ ಬೇರೆ.

2ಕ್ಕೆ ಮಲಗಿ 9:30ಕ್ಕೆ ತಾನಾಗಿ ಏಳುವ ಹುಡುಗನನ್ನು ತೆಗೆದುಕೊಳ್ಳಿ. ಅವನ ತಿರುವು 7:30ರ ಆಸುಪಾಸು. ಮೊದಲ ದಿನವೇ ಅವನನ್ನು 5ಕ್ಕೆ ಎಬ್ಬಿಸಿ, ಆರೂವರೆಗೆ ಕುಂದವಾಡ ಕೆರೆ ಏರಿ ಮೇಲೆ ಬಿಸಿಲಲ್ಲಿ ನಡೆಸಿದರೆ ಏನಾಗುತ್ತದೆ? ಅವನ ಮೈಯ ಪಾಲಿಗೆ ಅದಿನ್ನೂ ನಡುರಾತ್ರಿಯ ಲೆಕ್ಕ. 'ಓಹೋ, ಸಂಜೆ ಇನ್ನೂ ಮುಗಿದಿಲ್ಲ' ಅಂತ ತಿಳಿದು ಗಡಿಯಾರ ಇನ್ನೂ ತಡಕ್ಕೆ ಜಾರುತ್ತದೆ. ರಾತ್ರಿ ಹಾಸಿಗೆ ಮೇಲೆ ಹೊರಳಾಡುತ್ತಾನೆ. ಶಿಸ್ತಿಲ್ಲ ಅಂತ ಅಪ್ಪ ಬೈಯುತ್ತಾರೆ. ತಪ್ಪಿದ್ದು ಲೆಕ್ಕ, ಶಿಸ್ತಲ್ಲ.

ಅವನು ಮಾಡಬೇಕಾದದ್ದು ಹೀಗೆ. ಮೊದಲ ದಿನ 9ರಿಂದ 9:30ರೊಳಗೆ ಎದ್ದ ಕೂಡಲೇ ಹೊರಗೆ ಹೋಗಬೇಕು. ಅದಕ್ಕೂ ಮುಂಚೆ ಎಚ್ಚರವಾದರೆ ಪರದೆ ಎಳೆದುಕೊಂಡು ಮಬ್ಬಿನಲ್ಲೇ ಇರಲಿ. ಒಂದೆರಡು ದಿನಕ್ಕೊಮ್ಮೆ ಏಳುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತರಬೇಕು: 9, 8:30, 8. ತಿರುವು ಕೂಡ ಜೊತೆಗೇ ಹಿಂದೆ ಸರಿಯುತ್ತಾ ಬರುತ್ತದೆ. ಆತುರ ಮಾಡಿ ಒಂದೇ ಸಲ ಎರಡು ಗಂಟೆ ಜಿಗಿದರೆ ಮತ್ತೆ ತಿರುವಿನ ಆಚೆ ಬದಿಗೆ ಬೀಳುತ್ತೀರಿ. ಕಾಲೇಜು ಇದೆ, 9ರವರೆಗೆ ಮಲಗಲು ಆಗಲ್ಲ ಅಂತೀರಾ? ಹಾಗಾದರೆ ಈ ಕೆಲಸವನ್ನು ದಸರಾ ಅಥವಾ ಬೇಸಿಗೆ ರಜೆಯಲ್ಲಿ ಮಾಡಿ. ಪರೀಕ್ಷೆಯ ಹಿಂದಿನ ವಾರ ಖಂಡಿತಾ ಬೇಡ.

ಹಂತ 3: ಹೊರಗೆ ಹೋಗಿ. ಕಿಟಕಿ ಪಕ್ಕ ಕೂತರೆ ಸಾಲದು.

ನಮ್ಮ ಕಣ್ಣು ಎಂಥ ಬೆಳಕಿಗೂ ಹೊಂದಿಕೊಳ್ಳುತ್ತದೆ, ಅದಕ್ಕೇ ಟ್ಯೂಬ್‌ಲೈಟ್ ಹಾಕಿದ ಕೋಣೆ ಹಗಲಿನಂತೆ ಕಾಣುತ್ತದೆ. ಅಳೆದರೆ 100ರಿಂದ 300 ಲಕ್ಸ್ (ಬೆಳಕು ಅಳೆಯುವ ಮಾನ) ಅಷ್ಟೇ. ಆಷಾಢದ ಮೋಡದಲ್ಲೂ ಹೊರಗೆ ಕೆಲವು ಸಾವಿರ ಲಕ್ಸ್ ಇರುತ್ತದೆ, ಸುಡು ಬಿಸಿಲಲ್ಲಿ ಲಕ್ಷ. ಮೆಲನಾಪ್ಸಿನ್‌ಗೆ ಹೆಚ್ಚು ಹಿಡಿಸುವುದು 480 ನ್ಯಾನೊಮೀಟರ್ ಆಸುಪಾಸಿನ ನೀಲಿ, ಅದು ಬಯಲ ಆಕಾಶದಲ್ಲಿ ಧಾರಾಳವಾಗಿ ಸಿಗುತ್ತದೆ. ಈ ಕೋಶಗಳು ಬಚ್ಚಲ ಹಂಡೆ ಇದ್ದ ಹಾಗೆ, ಕಾಯುವುದೂ ನಿಧಾನ, ಆರುವುದೂ ನಿಧಾನ. ಬಾಗಿಲಿಗೆ ಬಂದು ಪೇಪರ್ ಎತ್ತಿಕೊಂಡು ಒಳಗೆ ಹೋದರೆ ಲೆಕ್ಕಕ್ಕಿಲ್ಲ. ಬಿಸಿಲಿದ್ದರೆ 20 ನಿಮಿಷ, ಮೋಡವಿದ್ದರೆ 40 ನಿಮಿಷ ಇರಿ ಅನ್ನೋದು ನನ್ನ ಸಲಹೆ. ಸೂರ್ಯನನ್ನು ನೇರವಾಗಿ ನೋಡಬೇಡಿ, ರೆಟಿನಾ ಸುಟ್ಟುಹೋಗುತ್ತದೆ. ಆಕಾಶ ಕಣ್ಣಿಗೆ ಕಂಡರೆ ಸಾಕು. ನಂಬರ್ ಕನ್ನಡಕ ಇರಲಿ, ಕೂಲಿಂಗ್ ಗ್ಲಾಸ್ ಮಾತ್ರ ತೆಗೆಯಿರಿ.

ನಸುಕಿನ 4:30ಕ್ಕೆ ವಾಕಿಂಗ್ ಹೋಗಿ ಬೆಳಕು ಹರಿಯುವ ಮುಂಚೆ ಮನೆ ಸೇರುವವರು ನಮ್ಮೂರಲ್ಲಿ ಬಹಳ. ಕಾಲಿಗೆ ಒಳ್ಳೆಯದೇ, ಗಡಿಯಾರಕ್ಕೆ ಏನೂ ಸಿಗಲ್ಲ. ಬೀದಿದೀಪದ ಕೆಳಗೆ ಸಿಗುವುದು ಹತ್ತಿಪ್ಪತ್ತು ಲಕ್ಸ್. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 6:50 ದಾಟಿದ ಮೇಲೆ, ಮೇ ಕೊನೆಗೆ ಹೆಚ್ಚುಕಡಿಮೆ 6ಕ್ಕೆ. ಅದನ್ನು ನೋಡಿಕೊಂಡು ಹೊರಡಿ.

ಹಂತ 4: ಸಂಜೆ ಬೆಳಕು ಇಳಿಸಿ. ಎಲ್ಲರೂ ಮೊಬೈಲನ್ನೇ ಬೈಯುತ್ತಾರೆ, ತಲೆ ಮೇಲಿನ ಎಲ್‌ಇಡಿ ಟ್ಯೂಬನ್ನು ಯಾರೂ ಕೇಳಲ್ಲ. ಕಣ್ಣಿಗೆ ಬೀಳುವ ಬೆಳಕಿನ ಲೆಕ್ಕದಲ್ಲಿ ಅನೇಕ ಮನೆಗಳಲ್ಲಿ ಅದರ ಪಾಲೇ ದೊಡ್ಡದು. ಈ ಮೂರನೇ ಕೋಶಗಳ ಲೆಕ್ಕಕ್ಕೆ ಹೊಂದಿಸಿ ಅಳೆದಾಗ ಹಗಲಿಗೆ ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ 3 ಗಂಟೆ ಹೆಚ್ಚೆಂದರೆ 10, ನಿದ್ದೆಯಲ್ಲಿ 1 ಅಂತ 2022ರಲ್ಲಿ ತಜ್ಞರ ಗುಂಪೊಂದು ಹೇಳಿದೆ. ಬಿಳಿ ಟ್ಯೂಬ್ ಆರಿಸಿ, ಹಳದಿ ಬಲ್ಬಿನ ಟೇಬಲ್ ಲ್ಯಾಂಪು ಪುಸ್ತಕದ ಮೇಲೆ ಬೀಳುವಂತೆ ಇಟ್ಟುಕೊಳ್ಳಿ. ಓದಲು ಸಾಕು.

ಬ್ಲೂ ಕಟ್ ಕನ್ನಡಕದ ಬಗ್ಗೆ ಖಡಕ್ಕಾಗಿ ಹೇಳುತ್ತೇನೆ: ಬೇಡ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕಣ್ಣಿನ ದಣಿವಿಗೆ ಇವುಗಳಿಂದ ಲಾಭ ಬಹುಶಃ ಇಲ್ಲ, ನಿದ್ದೆಗೆ ಲಾಭವಿದೆ ಅನ್ನಲೂ ಆಧಾರ ಸಾಲದು ಅಂತ ಹೇಳಿತು. ಅಂಗಡಿಯವರು ನೀಲಿ ಲೇಸರ್ ಬಿಟ್ಟು ತೋರಿಸುವ ಆಟಕ್ಕೆ ಮರುಳಾಗಬೇಡಿ. ಆನ್‌ಲೈನ್‌ನಲ್ಲಿ ಮಾರುವ ಮೆಲಟೋನಿನ್ (ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಹಾರ್ಮೋನು) ಚಾಕಲೇಟುಗಳೂ ಅಷ್ಟೇ. ಮೆಲಟೋನಿನ್‌ಗೂ ಹೊತ್ತು ತಪ್ಪಿದರೆ ಉಲ್ಟಾ ಹೊಡೆಯುವ ಗುಣ ಇದೆ. ಬೇಕೇಬೇಕು ಅಂದರೆ ಡಾಕ್ಟರನ್ನು ಕೇಳಿ.

ಹಂತ 5: ಮಲಗುವ ಕೋಣೆ ಕತ್ತಲಾಗಿರಲಿ. ಜೀರೊ ಬಲ್ಬ್ ಇಲ್ಲದೆ ಆಗಲ್ಲ ಅನ್ನುವವರು ಕೆಂಪು ಬಣ್ಣದ್ದು ಹಾಕಿ. ಯಾಕೋ ಎಲ್ಲ ಮನೆಯಲ್ಲೂ ತಂಪು ಅಂತ ನೀಲಿ ಜೀರೊ ಬಲ್ಬೇ ಇರುತ್ತದೆ, ಮೊದಲು ಅದನ್ನು ಬಿಚ್ಚಿ. ಕೆಂಪಿನಿಂದ ಇನ್ನೊಂದು ಅನುಕೂಲ ಇದೆ. ರಾಡ್‌ಗಳು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ರಾತ್ರಿ ಬಚ್ಚಲಿಗೆ ಹೋದಾಗ ಬಿಳಿ ಲೈಟ್ ಹಾಕಿದರೆ ಅದೆಲ್ಲ ಒಂದೇ ಕ್ಷಣಕ್ಕೆ ಹಾಳು. ರಾಡ್‌ಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ. ವಯಸ್ಸಾದವರು ವಾಪಸ್ ಬರುವಾಗ ಕಣ್ಣು ಕತ್ತಲೆ ಬಂದು ಎಡವುವುದು ತಪ್ಪುತ್ತದೆ.

ನೈಟ್ ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳು, ರಾತ್ರಿ ಬಸ್ಸಿನ ಡ್ರೈವರ್‌ಗಳು ಮೇಲಿನದನ್ನು ಹಾಗೇ ಮಾಡಬೇಡಿ. ಹಗಲು ನಿದ್ದೆ ಮಾಡಬೇಕಾದವರಿಗೆ ಬೆಳಗಿನ ಬಿಸಿಲೇ ಶತ್ರು. ಡ್ಯೂಟಿಯ ಮೊದಲರ್ಧದಲ್ಲಿ ಜೋರು ಬೆಳಕಲ್ಲಿರಿ, ಮನೆಗೆ ಬರುವಾಗ ಕೂಲಿಂಗ್ ಗ್ಲಾಸ್ ಹಾಕಿ, ದಪ್ಪ ಪರದೆ ಎಳೆದು ಮಲಗಿ. ತಾವೇ ಗಾಡಿ ಓಡಿಸಿಕೊಂಡು ಬರುವವರು, ತೂಕಡಿಕೆ ಬರುವ ಹಾಗಿದ್ದರೆ, ಗ್ಲಾಸ್ ಬಿಡಿ. ಮೊದಲು ಕ್ಷೇಮವಾಗಿ ಮನೆ ಸೇರಿ.

ಮನೆಯ ಹಿರಿಯರಿಗೆ ಹೊತ್ತಲ್ಲದ ಹೊತ್ತಲ್ಲಿ ನಿದ್ದೆ ಬರುತ್ತಿದ್ದರೆ ಕಣ್ಣನ್ನೂ ಒಮ್ಮೆ ತೋರಿಸಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ, ಪೊರೆ ಬಂದರೆ ಇನ್ನೂ ಕಡಿಮೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ರೋಗದಲ್ಲಿ ಗ್ಯಾಂಗ್ಲಿಯಾನ್ ಕೋಶಗಳೇ ಸಾಯುತ್ತವೆ, ಅದನ್ನು ಎಷ್ಟು ಬೇಗ ಹಿಡಿದರೆ ಅಷ್ಟು ಒಳ್ಳೆಯದು. ಅಜ್ಜ ಅಜ್ಜಿಯರ ಕುರ್ಚಿಯನ್ನು ಟಿವಿ ಎದುರಿಂದ ಎತ್ತಿ, ಬೆಳಗ್ಗೆ ಒಂದು ಗಂಟೆ ಜಗಲಿಗೋ ಅಂಗಳಕ್ಕೋ ಹಾಕಿ. ಪೇಪರನ್ನು ಅಲ್ಲೇ ಓದಲಿ.